ಒಂದು ನಿಮಿಷದ ಓಟ, ಹನ್ನೊಂದು ಗಂಟೆಯ ಬಸ್ಸು

ಒಳಗೆ ಬರುವಾಗ ಹೊರಗೆ ನಿಂತಿರುವ ಗಾಡಿಗಳನ್ನು ಎಣಿಸಿಕೊಂಡೇ ಬಂದೆ. 11 ಜಾವಾ, 7 ಯೆಜ್ಡಿ, ಒಂದು ಬುಲೆಟ್. ಜಾವಾ ಅಭಿಮಾನಿಗಳ ಈ ಕೂಟಕ್ಕೆ ಬುಲೆಟ್ ತಂದವರ ಧೈರ್ಯ ಮೆಚ್ಚಬೇಕು. ಎಣಿಸುವುದು, ಎಣಿಸಿದ್ದನ್ನು ಬರೆದಿಡುವುದು ನನ್ನ ಹಳೇ ಚಟ. ಅದು ಅಂಟಿಕೊಂಡದ್ದು ಇಂಗ್ಲೆಂಡಿನಲ್ಲಿ, ಸ್ಪೀಡ್‌ವೇ ಅನ್ನುವ ಬೈಕ್ ಓಟ ನೋಡುತ್ತಾ. ಅದೇ ಇವತ್ತಿನ ಮಾತು.

ಮೈಸೂರಿನವರಿಗೆ ಜಾವಾ ಬಗ್ಗೆ ನಾನು ಹೇಳುವುದೇನೂ ಇಲ್ಲ. ಯಾದವಗಿರಿಯ ಕಾರ್ಖಾನೆಯಿಂದ 1961ರಲ್ಲಿ ಗಾಡಿ ಹೊರಬರಲು ಶುರುವಾಯಿತು, 1996ರಲ್ಲಿ ನಿಂತಿತು. ಹುಡುಗನಾಗಿದ್ದಾಗ ನಾನು ಜಾವಾ ಅಂದರೆ ನಮ್ಮೂರಿನದೇ ಅಂದುಕೊಂಡಿದ್ದೆ. ಮೈಸೂರು ಪಾಕ್, ಮೈಸೂರು ಮಲ್ಲಿಗೆ, ಮೈಸೂರು ಜಾವಾ. ಅದು ಚೆಕೊಸ್ಲೊವಾಕಿಯಾದ ಹೆಸರು ಅಂತ ಗೊತ್ತಾದಾಗ ಸ್ವಲ್ಪ ಬೇಜಾರೇ ಆಗಿತ್ತು.

ಹಾಗಿರುವಾಗ 1977ರ ಒಂದು ಶನಿವಾರ ಸಂಜೆ. ನಾನು ಇಂಗ್ಲೆಂಡಿನ ಕವೆಂಟ್ರಿಗೆ ಕೆಲಸಕ್ಕೆ ಹೋಗಿ ಐದಾರು ತಿಂಗಳಾಗಿತ್ತು. ಪಕ್ಕದ ಲೇತ್‌ನಲ್ಲಿ ಕೆಲಸ ಮಾಡುತ್ತಿದ್ದವನು, 'ವಾರಪೂರ್ತಿ ರೂಮಲ್ಲಿ ಕೂತು ಏನು ಮಾಡ್ತೀಯ, ಬಾ' ಅಂತ ಊರ ಹೊರಗಿನ ಬ್ರ್ಯಾಂಡನ್ ಸ್ಟೇಡಿಯಂಗೆ ಕರೆದುಕೊಂಡು ಹೋದ. ಬೇಲಿ ಪಕ್ಕ ನಿಂತೆ. ನಾಲ್ಕು ಬೈಕ್ ಬಂದು, ಓಟ ಶುರುವಾಗುವ ಕಡೆ ಅಡ್ಡ ಕಟ್ಟಿದ್ದ ಟೇಪಿನ ಹಿಂದೆ ನಿಂತವು. ಒಂದರ ಮೇಲೆ ಜಾವಾ ಅಂತ ಬರೆದಿತ್ತು. 8 ಸಾವಿರ ಕಿಲೋಮೀಟರ್ ದೂರದ ಚಳಿಯಲ್ಲಿ ನಮ್ಮೂರಿನ ಹೆಸರು! ನಾನು 'ಏಯ್ ಜಾವಾ!' ಅಂತ ಕನ್ನಡದಲ್ಲೇ ಕೂಗಿಬಿಟ್ಟೆ. ಪಕ್ಕದವರು ನನ್ನನ್ನು ನೋಡಿದರು. ಅಷ್ಟರಲ್ಲಿ ಟೇಪು ಮೇಲೆ ಹಾರಿತು. ಆಮೇಲೆ ಯಾರು ಏನು ಕೂಗಿದರೂ ಯಾರಿಗೂ ಕೇಳಿಸುವ ಹಾಗಿರಲಿಲ್ಲ.

ನಿಮ್ಮ ಜಾವಾಗೂ ಅದಕ್ಕೂ ಹೆಸರು ಬಿಟ್ಟರೆ ಸಂಬಂಧ ಕಡಿಮೆ. ನಿಮ್ಮದು 250 ಸಿಸಿ, ಟೂ ಸ್ಟ್ರೋಕ್. ಅದು 500 ಸಿಸಿ, ಒಂದೇ ಸಿಲಿಂಡರ್, ಫೋರ್ ಸ್ಟ್ರೋಕ್. ಚೆಕೊಸ್ಲೊವಾಕಿಯಾದ ದಿವಿಶೋವ್ ಅನ್ನುವ ಊರಲ್ಲಿ ಎಸೊ ಅಂತ ಒಂದು ಕಂಪನಿ ಇತ್ತು. ಸ್ಪೀಡ್‌ವೇ ಬೈಕ್ ಮಾಡುವುದೇ ಅದರ ಕೆಲಸ. ಅದು 1964ರಲ್ಲಿ ಜಾವಾದೊಳಗೆ ಸೇರಿಕೊಂಡಿತು. ಅಲ್ಲಿಂದಾಚೆ ಆ ಬೈಕುಗಳಿಗೂ ಜಾವಾ ಹೆಸರು ಬಂತು.

ಸ್ಪೀಡ್‌ವೇ ಅಂದರೆ ಏನು ಅಂತ ಗೊತ್ತಿಲ್ಲದವರು ಇಲ್ಲಿ ಜಾಸ್ತಿ ಇರಬಹುದು. ಬೇಗ ಹೇಳಿ ಮುಗಿಸುತ್ತೇನೆ. ಮೊಟ್ಟೆಯಾಕಾರದ ಮಣ್ಣಿನ ಟ್ರ್ಯಾಕ್. ನಾಲ್ಕು ಜನ, ನಾಲ್ಕು ಸುತ್ತು, ಎಡಕ್ಕೆ ಮಾತ್ರ ತಿರುಗುವುದು. ಬೈಕಿಗೆ ಒಂದೇ ಗೇರ್. ಬ್ರೇಕ್ ಇಲ್ಲ. ಇಲ್ಲ ಅಂದರೆ ಇಲ್ಲವೇ ಇಲ್ಲ, ಹಿಂದೂ ಇಲ್ಲ, ಮುಂದೂ ಇಲ್ಲ. ಪೆಟ್ರೋಲ್ ಬದಲು ಮೆಥನಾಲ್. ತಿರುವಿನಲ್ಲಿ ವೇಗ ತಗ್ಗಿಸುವ ಬದಲು ಹಿಂದಿನ ಚಕ್ರವನ್ನು ಹೊರಗೆ ಜಾರಿಸುತ್ತಾರೆ. ಗಾಡಿ ಎಡಕ್ಕೆ ಹೋಗಬೇಕು, ಹ್ಯಾಂಡಲ್ ಬಲಕ್ಕೆ ತಿರುಗಿರುತ್ತದೆ. ಎಡಗಾಲಿಗೆ ಉಕ್ಕಿನ ತಳ ಕಟ್ಟಿಕೊಂಡು ನೆಲಕ್ಕೆ ಉಜ್ಜುತ್ತಾ ಹೋಗುತ್ತಾರೆ. ಗೆದ್ದವನಿಗೆ 3 ಅಂಕ, ಎರಡನೆಯವನಿಗೆ 2, ಮೂರನೆಯವನಿಗೆ 1, ಕೊನೆಯವನಿಗೆ ಸೊನ್ನೆ. ಹೀಗೆ ಒಂದು ಓಟಕ್ಕೆ ಹೀಟ್ ಅನ್ನುತ್ತಾರೆ. ಒಂದು ತಂಡದಲ್ಲಿ 7 ಜನ. ನಾನು ನೋಡುತ್ತಿದ್ದ ಕಾಲದಲ್ಲಿ ಒಂದು ಪಂದ್ಯಕ್ಕೆ 13 ಹೀಟ್.

ಒಂದು ಹೀಟ್ ಮುಗಿಯುವುದಕ್ಕೆ ಒಂದು ನಿಮಿಷ, ಹೆಚ್ಚೆಂದರೆ ಹತ್ತು ಹದಿನೈದು ಸೆಕೆಂಡು ಜಾಸ್ತಿ. ಲೆಕ್ಕ ಹಾಕಿ. ಇಡೀ ಸಂಜೆಯಲ್ಲಿ ಬೈಕ್ ಓಡುವುದು ಕಾಲು ಗಂಟೆ. ಅದಕ್ಕೋಸ್ಕರ ನಾವು ಬಸ್ಸಿನಲ್ಲಿ ಕೂತು ಹೋಗಿಬಂದದ್ದನ್ನು ಕೂಡಿದರೆ ನನ್ನ ಹೆಂಡತಿ ಇವತ್ತಿಗೂ ತಲೆ ಚಚ್ಚಿಕೊಳ್ಳುತ್ತಾಳೆ. ಕಂಬಳ ನೋಡಿದವರಿಗೆ ಮಾತ್ರ ಇದು ಹುಚ್ಚು ಅನ್ನಿಸಲಿಕ್ಕಿಲ್ಲ. ಕೆಲವೇ ಸೆಕೆಂಡಿನ ಓಟಕ್ಕೆ ರಾತ್ರಿಯಿಡೀ ಕೆಸರುಗದ್ದೆಯ ಬದಿಯಲ್ಲಿ ನಿಂತು ಕಾಯುತ್ತಾರಲ್ವಾ?

ಆ ಮೊದಲ ಸಂಜೆಗೆ ವಾಪಸ್ ಹೋಗೋಣ. ಒಂದು ಹೀಟ್ ಮುಗಿಯಿತು, ಹೊಗೆ ನಮ್ಮ ಕಡೆ ತೇಲಿ ಬಂತು. ನನಗೆ ಅಜ್ಜಿ ನೆನಪಾದಳು. ಯಾಕೆ ಅಂತ ತಕ್ಷಣ ಹೊಳೆಯಲಿಲ್ಲ. ಇನ್ನೊಮ್ಮೆ ಉಸಿರೆಳೆದುಕೊಂಡೆ. ಹರಳೆಣ್ಣೆ! ದೀಪಾವಳಿಗೆ ಬೆಳಗಿನ ಜಾವ ಎಬ್ಬಿಸಿ, ಬೆಚ್ಚಗೆ ಮಾಡಿದ ಹರಳೆಣ್ಣೆ ತಲೆಗೆ ತಟ್ಟುತ್ತಿದ್ದಳಲ್ಲ, ಅದೇ ವಾಸನೆ, ಸ್ವಲ್ಪ ಸುಟ್ಟದ್ದು. ಆ ಎಂಜಿನ್‌ಗಳಿಗೆ ಹಾಕುತ್ತಿದ್ದದ್ದು ಹರಳೆಣ್ಣೆಯಿಂದ ಮಾಡಿದ ಆಯಿಲ್, ಕ್ಯಾಸ್ಟ್ರಾಲ್ ಆರ್. ಕ್ಯಾಸ್ಟ್ರಾಲ್ ಅನ್ನುವ ಹೆಸರೇ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದ ಬಂದದ್ದು. ಎಂಜಿನ್ ಎಷ್ಟು ಕಾದರೂ ಆ ಎಣ್ಣೆ ಜಿಡ್ಡು ಬಿಟ್ಟುಕೊಡುವುದಿಲ್ಲ. ಅಲ್ಲಿಯ ಹಳಬರಿಗೆ ಸ್ಪೀಡ್‌ವೇ ಅಂದರೆ ಮೊದಲು ಆ ವಾಸನೆ, ಆಮೇಲೆ ಉಳಿದದ್ದು. ಕಣ್ಣು ಮುಚ್ಚಿ ಎಳೆದುಕೊಳ್ಳುತ್ತಿದ್ದರು. ನಾನೂ ಎಳೆದುಕೊಳ್ಳುತ್ತಿದ್ದೆ. ಅವರಿಗೆ ಬರುತ್ತಿದ್ದದ್ದು ತಮ್ಮ ಬಾಲ್ಯದ ಶನಿವಾರದ ನೆನಪು, ನನಗೆ ಬರುತ್ತಿದ್ದದ್ದು ಅಗ್ರಹಾರದ ಬಚ್ಚಲುಮನೆ.

ಕವೆಂಟ್ರಿ ತಂಡದ ಹೆಸರು ಬೀಸ್, ಅಂದರೆ ಜೇನ್ನೊಣಗಳು. ಬಣ್ಣ ಹಳದಿ-ಕಪ್ಪು. ಮುಂದಿನ ವಾರವೇ ಮಫ್ಲರ್ ತೆಗೆದುಕೊಂಡೆ. ಮದುವೆಯಾಗಿ ಹೆಂಡತಿಯನ್ನು ಕರೆದುಕೊಂಡು ಹೋದಾಗ ಅವಳು ಅದನ್ನು ನೋಡಿ ಅಂದ ಮೊದಲ ಮಾತು, 'ಇದೇನ್ರೀ, ಆಟೋ ರಿಕ್ಷಾ ಸುತ್ಕೊಂಡಿದ್ದೀರಿ?'

ಈಗ ಬಸ್ಸಿನ ವಿಷಯ. ಬೇರೆ ಊರಿನಲ್ಲಿ ನಮ್ಮ ತಂಡದ ಪಂದ್ಯ ಇದ್ದರೆ ಅಭಿಮಾನಿಗಳ ಬಸ್ಸು ಹೊರಡುತ್ತಿತ್ತು. ಪೂಲ್ ಮೆಡೊ ಬಸ್ ನಿಲ್ದಾಣದ ಹತ್ತಿರ ನಿಂತರೆ ಹತ್ತಿಸಿಕೊಳ್ಳುತ್ತಿದ್ದರು. ಯಾಕೆ ಹೋಗಬೇಕು ಅಂತ ಮೊದಮೊದಲು ನಾನೂ ಕೇಳಿದ್ದೆ. ಬೈಕು ಅವೇ, ಜನ ಅವರೇ, ಸುತ್ತು ನಾಲ್ಕೇ. ನಮ್ಮೂರಿನಲ್ಲೇ ಪ್ರತಿ ಶನಿವಾರ ನೋಡಬಹುದಲ್ಲ?

ಉತ್ತರ ಕೊಟ್ಟದ್ದು ಮುಂದಿನ ಸೀಟಿನ ಅಜ್ಜಿ. ಡ್ರೈವರ್ ಹಿಂದಿನ ಸೀಟು ಅವರದ್ದು, ಬೇರೆ ಯಾರೂ ಕೂರುವ ಹಾಗಿಲ್ಲ. ಆಗಲೇ ಎಪ್ಪತ್ತರ ಹತ್ತಿರ. ಗಂಡ ತೀರಿಹೋಗಿದ್ದರು, ಸ್ಪೀಡ್‌ವೇ ಉಳಿದಿತ್ತು. ಅವರು ಹೇಳಿದ್ದು ಇಷ್ಟೇ: 'ಬೈಕ್ ನೋಡಬೇಡ, ಟ್ರ್ಯಾಕ್ ನೋಡು.'

ಅದರ ಅರ್ಥ ಆಗುವುದಕ್ಕೆ ಒಂದು ಸೀಸನ್ ಬೇಕಾಯಿತು. ಒಂದೊಂದು ಟ್ರ್ಯಾಕೂ ಒಂದೊಂದು ಥರ. ಉದ್ದ ಬೇರೆ, ತಿರುವಿನ ಅಗಲ ಬೇರೆ, ಇಳಿಜಾರು ಬೇರೆ, ಮಣ್ಣು ಬೇರೆ. ದಕ್ಷಿಣ ಕರಾವಳಿಯ ಹತ್ತಿರದ ಈಸ್ಟ್‌ಬರ್ನ್ ತಂಡದ ಆರ್ಲಿಂಗ್ಟನ್ ಟ್ರ್ಯಾಕು ಪುಟ್ಟದು, ತಿರುಗಿ ತಿರುಗಿ ಸವಾರನಿಗೆ ತಲೆಸುತ್ತು ಬರಬೇಕು. ಎಕ್ಸೆಟರ್‌ನ ಕೌಂಟಿ ಗ್ರೌಂಡ್ ಸುಮಾರು 400 ಮೀಟರ್, ಸುತ್ತಲೂ ಉಕ್ಕಿನ ತಗಡಿನ ಬೇಲಿ. ಅಲ್ಲಿ ಥ್ರಾಟಲ್ ಬಿಡುವುದೇ ಇಲ್ಲ. ಬೇಲಿಗೆ ತಗುಲಿದರೆ ಆ ತಗಡು ಇಡೀ ಮೈದಾನಕ್ಕೆ ಕೇಳುವ ಹಾಗೆ ಗಂಟೆ ಹೊಡೆಯುತ್ತಿತ್ತು. ಬೇರೆ ಊರಿಂದ ಬಂದ ಸವಾರರಲ್ಲಿ ಕೆಲವರು ಅಲ್ಲಿ ಮೊದಲ ತಿರುವಿನಲ್ಲೇ ಸೋತುಹೋಗುತ್ತಿದ್ದರು. ಹ್ಯಾಲಿಫ್ಯಾಕ್ಸ್‌ನ ಶೇ ಮೈದಾನ ಫುಟ್‌ಬಾಲ್ ಮೈದಾನ. ಅದರ ಸುತ್ತ ಟ್ರ್ಯಾಕ್, ತಿರುವುಗಳು ಬಾಣಲೆಯ ಅಂಚಿನ ಹಾಗೆ ಮೇಲಕ್ಕೆದ್ದಿದ್ದವು. ಅಲ್ಲಿಯ ಹುಡುಗರು ಒಳಗಿನ ಗೆರೆ ಬಿಟ್ಟು ಹೊರಗೆ, ಬೇಲಿ ಪಕ್ಕಕ್ಕೆ ಏರಿ, ಅಲ್ಲಿಂದ ಕೆಳಕ್ಕೆ ಧುಮುಕಿ ನಮ್ಮವರನ್ನು ದಾಟುತ್ತಿದ್ದರು. ನಮ್ಮವರು ಕೆಟ್ಟ ಸವಾರರಲ್ಲ. ಆದರೆ ಬ್ರ್ಯಾಂಡನ್‌ನಲ್ಲಿ ಕಲಿತ ವಿದ್ಯೆ ಅಲ್ಲಿ ನಡೆಯುತ್ತಿರಲಿಲ್ಲ.

ಅಂದರೆ ಸವಾರ ಟ್ರ್ಯಾಕನ್ನು ಓಡಿಸುವುದಿಲ್ಲ, ಟ್ರ್ಯಾಕು ಸವಾರನನ್ನು ಮಾಡುತ್ತದೆ. ಇದನ್ನು ನೋಡಬೇಕಾದರೆ ಬಸ್ಸು ಹತ್ತಲೇಬೇಕು.

ಇದರಲ್ಲಿ ಒಂದು ತಮಾಷೆಯೂ ಉಂಟು. ಟ್ರ್ಯಾಕ್ ಸಿದ್ಧ ಮಾಡುವವರು ಆ ಊರಿನವರು. ಎಷ್ಟು ನೀರು ಹಾಕಬೇಕು, ಮಣ್ಣು ಎಲ್ಲಿ ಸಡಿಲ ಬಿಡಬೇಕು, ಎಲ್ಲ ಅವರ ಕೈಯಲ್ಲಿ. ಹಾಗಾಗಿ ಸೋತ ಬಸ್ಸಿನಲ್ಲಿ ಯಾವಾಗಲೂ ಒಂದೇ ಮಾತು: 'ನೀರು ಜಾಸ್ತಿ ಹಾಕಿದ್ದರು.' ಮುಂದಿನ ವಾರ ಬೇರೆ ಊರಲ್ಲಿ ಸೋತರೆ, 'ನೀರೇ ಹಾಕಿರಲಿಲ್ಲ.' ಹತ್ತು ಹದಿಮೂರು ವರ್ಷ ನಾನು ಬಸ್ಸಿನಲ್ಲಿ ಓಡಾಡಿದ್ದೇನೆ. ನೀರು ಸರಿಯಾಗಿತ್ತು, ನಾವೇ ಸೋತೆವು ಅಂತ ಯಾರೂ ಹೇಳಿದ್ದು ಕೇಳಿಲ್ಲ. ನಾನೂ ಹೇಳಿಲ್ಲ.

ಎಕ್ಸೆಟರ್ ಪಂದ್ಯ ಸೋಮವಾರ ರಾತ್ರಿ. ಸೋಮವಾರ! ಕವೆಂಟ್ರಿಯಿಂದ ಸುಮಾರು 270 ಕಿಲೋಮೀಟರ್. ಎಂ5 ಹೆದ್ದಾರಿ ಎಕ್ಸೆಟರ್ ತನಕ ಪೂರ್ತಿಯಾದದ್ದು 1977ರಲ್ಲಿ, ಅಷ್ಟರಮಟ್ಟಿಗೆ ನಮ್ಮ ಪುಣ್ಯ. ಅರ್ಧ ದಿನ ರಜೆ ಹಾಕಿ ಮಧ್ಯಾಹ್ನ ಮೂರಕ್ಕೆ ಹೊರಟರೆ, ಏಳೂವರೆಗೆ ಮೊದಲ ಹೀಟ್, ಊರು ಸೇರುವಾಗ ಬೆಳಗಿನ ಜಾವ ಎರಡು. ಹನ್ನೊಂದು ಗಂಟೆ.

ಒಂದು ಸೋಮವಾರ ವಾಪಸ್ ಬರುವಾಗ ಬಸ್ಸು ಹೆದ್ದಾರಿ ಪಕ್ಕ ನಿಂತೇಬಿಟ್ಟಿತು. ರೇಡಿಯೇಟರ್ ಪೈಪ್ ಬಾಯಿಬಿಟ್ಟಿತ್ತು. ಯಾವ ಕಂಪನಿಯ ಬಸ್ಸು ಅಂತ ಹೇಳುವುದಿಲ್ಲ, ಪಾಪ. ರಾತ್ರಿ ಹನ್ನೆರಡೂವರೆ, ಚಳಿ, ಮೊಬೈಲ್ ಇಲ್ಲದ ಕಾಲ. ನಾನು ಮೆಕ್ಯಾನಿಕಲ್‌ನವನು ಅಂತ ಎಲ್ಲರೂ ನನ್ನ ಮುಖ ನೋಡಿದರು. ಸೋರುವ ಕಡೆ ಬಟ್ಟೆ ಬಿಗಿದು ಕಟ್ಟಬೇಕು. ಬಟ್ಟೆ ಎಲ್ಲಿದೆ? ಕೊನೆಗೆ ನನ್ನ ಆಟೋ ರಿಕ್ಷಾ ಮಫ್ಲರ್ ಅಲ್ಲಿಗೆ ಹೋಯಿತು. ಎಂಜಿನ್ ಆರಿದ ಮೇಲೆ ನೀರು ಬೇಕು. ಬಸ್ಸಿನಲ್ಲಿದ್ದ ಫ್ಲಾಸ್ಕುಗಳೆಲ್ಲ ಹೊರಗೆ ಬಂದವು. ಅಜ್ಜಿಯ ಫ್ಲಾಸ್ಕಿನಲ್ಲಿ ಟೀ ಇತ್ತು. ಹಾಲು ಹಾಕಿದ್ದೀರಾ ಅಂತ ಕೇಳಿದೆ. ಇಲ್ಲ ಅಂದರು. ಸಕ್ಕರೆ? ಎರಡು ಚಮಚ ಅಂದರು. ಬೇಡ ಅಂದೆ. ಅವರಿಗೆ ಬೇಜಾರಾಯಿತು. ಮುಂದಿನ ಪೆಟ್ರೋಲ್ ಬಂಕಿನ ತನಕ ಬಸ್ಸು ತೆವಳಿಕೊಂಡು ಬಂತು. ಊರು ಸೇರಿದಾಗ ಐದೂ ಮುಕ್ಕಾಲು. ಸ್ನಾನ ಮಾಡಿ ನೇರ ಕೆಲಸಕ್ಕೆ ಹೋದೆ. ಫೋರ್‌ಮನ್ ನನ್ನ ಕೆಂಪು ಕಣ್ಣು ನೋಡಿ, 'ಸ್ಕೋರ್ ಎಷ್ಟು?' ಅಂತ ಮಾತ್ರ ಕೇಳಿದ.

ಆ ಬಸ್ಸಿನ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಎಪ್ಪತ್ತರ ದಶಕದ ಕೊನೆ ನಮ್ಮಂಥವರಿಗೆ ಅಲ್ಲಿ ಅಷ್ಟೇನೂ ಒಳ್ಳೆಯ ಕಾಲವಲ್ಲ. ವಲಸೆ ಬಂದವರನ್ನು ವಿರೋಧಿಸುವ ಪಕ್ಷ ನ್ಯಾಷನಲ್ ಫ್ರಂಟ್‌ನವರು ಬೀದಿಯಲ್ಲಿ ಮೆರವಣಿಗೆ ಮಾಡುತ್ತಿದ್ದರು. ಫುಟ್‌ಬಾಲ್ ಇದ್ದ ದಿನ ನಾನು ಆ ದಾರಿಯಲ್ಲೇ ಹೋಗುತ್ತಿರಲಿಲ್ಲ. ಸ್ಪೀಡ್‌ವೇಯಲ್ಲಿ ಎರಡೂ ಊರಿನ ಜನ ಒಟ್ಟಿಗೇ ನಿಲ್ಲುತ್ತಾರೆ, ಮಕ್ಕಳು ಮರಿ ಎಲ್ಲ ಬರುತ್ತಾರೆ, ನಡುವೆ ಪೊಲೀಸ್ ಸಾಲು ಇಲ್ಲ. ಆದರೂ ಒಮ್ಮೆ ಬೇರೆ ಊರಿನಲ್ಲಿ ಹಿಂದಿನಿಂದ ಯಾರೋ ಒಂದು ಮಾತು ಎಸೆದ. ಏನು ಅಂತ ಬೇಡ. ಅಜ್ಜಿಗೂ ಕೇಳಿಸಿತು. ಅವರು ಹಿಂದೆ ತಿರುಗಲಿಲ್ಲ. ತಮ್ಮ ಪ್ರೋಗ್ರಾಂ ಮತ್ತು ಪೆನ್ಸಿಲ್ ನನ್ನ ಕೈಗೆ ಕೊಟ್ಟು, 'ಈ ಹೀಟ್ ನೀನು ಬರಿ' ಅಂದರು. ಅವರ ಪ್ರೋಗ್ರಾಂ ಮುಟ್ಟುವ ಹಕ್ಕು ಆವರೆಗೆ ಬಸ್ಸಿನಲ್ಲಿ ಯಾರಿಗೂ ಇರಲಿಲ್ಲ.

ಈ ಪ್ರೋಗ್ರಾಂ ಏನು ಅಂತ ಹೇಳುತ್ತೇನೆ. ಪ್ರತಿ ಪಂದ್ಯಕ್ಕೂ ಒಂದು ಪುಟ್ಟ ಪುಸ್ತಕ ಮಾರುತ್ತಾರೆ. ಮಧ್ಯದ ಹಾಳೆಯಲ್ಲಿ 13 ಹೀಟ್‌ಗಳ ಚೌಕಗಳು. ಯಾರು ಯಾವ ಗೇಟಿನಿಂದ ಹೊರಡುತ್ತಾರೆ, ಯಾರದು ಯಾವ ಬಣ್ಣದ ಹೆಲ್ಮೆಟ್, ಎಲ್ಲ ಅಚ್ಚಾಗಿರುತ್ತದೆ. ಕೆಂಪು, ನೀಲಿ ಊರಿನವರಿಗೆ. ಬಿಳಿ, ಹಳದಿ ಬಂದವರಿಗೆ. ಓಟ ಮುಗಿದ ಕೂಡಲೇ ಎಲ್ಲರೂ ತಲೆ ತಗ್ಗಿಸಿ ಬರೆಯುತ್ತಾರೆ: 3, 2, 1, 0. ಬಿದ್ದರೆ ಎಫ್. ಗಾಡಿ ಕೆಟ್ಟು ನಿಂತರೆ ಆರ್. ರೆಫರಿ ಹೊರಗೆ ಹಾಕಿದರೆ ಎಕ್ಸ್. ಮೈಕಿನಲ್ಲಿ ಗೆದ್ದವನ ಸಮಯ ಹೇಳುತ್ತಾರೆ, ಅದನ್ನೂ ಬರೆಯಬೇಕು. ಸಾವಿರಾರು ಜನ ಒಟ್ಟಿಗೆ ಪರೀಕ್ಷೆ ಬರೆಯುವ ಹಾಗೆ ಇರುತ್ತದೆ ನೋಡುವುದಕ್ಕೆ. ಮೊದಲ ತಿರುವಿನ ಹತ್ತಿರ ನಿಂತರೆ ಚಕ್ರದಿಂದ ಎದ್ದ ಮಣ್ಣು ಮುಖಕ್ಕೇ ಬೀಳುತ್ತದೆ, ಟೀ ಲೋಟಕ್ಕೆ ಬೀಳುತ್ತದೆ, ಚಿಪ್ಸ್ ಮೇಲೆ ಬೀಳುತ್ತದೆ. ಆಗ ಪ್ರೋಗ್ರಾಂ ಕೊಡೆಯೂ ಆಗುತ್ತದೆ. ನನ್ನ ಹಳೇ ಪ್ರೋಗ್ರಾಂಗಳನ್ನು ಬಿಡಿಸಿದರೆ ಈಗಲೂ ಹೊಲಿಗೆಯ ಸಂದಿಯಿಂದ ಕೆಂಪು ಪುಡಿ ಉದುರುತ್ತದೆ.

ಅಜ್ಜಿ ಬರೆಯುತ್ತಿದ್ದದ್ದು ಪೆನ್ಸಿಲ್‌ನಲ್ಲಿ, ಮನೆಗೆ ಹೋಗಿ ಇಂಕಿನಲ್ಲಿ ತಿದ್ದುತ್ತಿದ್ದರು. ಮದುವೆಗೆ ಮೊದಲು ಅವರು ಮ್ಯಾಂಚೆಸ್ಟರಿನವರು, ಬೆಲ್ ವ್ಯೂ ತಂಡದ ಕಡೆಯವರು. ಅವರ ದೇವರು ಪೀಟರ್ ಕ್ರೇವನ್. ಕುಳ್ಳ ಮನುಷ್ಯ, ಬೈಕ್ ಮೇಲೆ ಸರ್ಕಸ್ ಮಾಡುವ ಹಾಗೆ ಓಡಿಸುತ್ತಿದ್ದನಂತೆ. 1955ರಲ್ಲಿ, 1962ರಲ್ಲಿ ವಿಶ್ವ ಚಾಂಪಿಯನ್. 1963ರ ಸೆಪ್ಟೆಂಬರ್‌ನಲ್ಲಿ ಎಡಿನ್‌ಬರೋದ ಓಲ್ಡ್ ಮೆಡೊಬ್ಯಾಂಕ್‌ನಲ್ಲಿ, ಮುಂದೆ ಬಿದ್ದವನನ್ನು ತಪ್ಪಿಸಲು ಹೋಗಿ ಬೇಲಿಗೆ ಹೊಡೆದ. ನಾಲ್ಕು ದಿನ ಆದ ಮೇಲೆ ತೀರಿಕೊಂಡ. 29 ವರ್ಷ. ಆ ಸೀಸನ್‌ನಲ್ಲಿ ಅಜ್ಜಿ ಮತ್ತೆ ಪೆನ್ಸಿಲ್ ಮುಟ್ಟಲಿಲ್ಲವಂತೆ. ಆ ಮೈದಾನವೂ ಹೋಯಿತು, 1970ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಅಲ್ಲಿ ಹೊಸ ಸ್ಟೇಡಿಯಂ ಕಟ್ಟಿದರು.

ಸವಾರರೂ ನಮ್ಮ ರಸ್ತೆಯಲ್ಲೇ ಓಡಾಡುವವರು, ಅದನ್ನು ಮರೆಯಬಾರದು. ಕಾರಿನ ಹಿಂದೆ ಬೈಕ್ ಕಟ್ಟಿಕೊಂಡು ವಾರಕ್ಕೆ ಮೂರು ನಾಲ್ಕು ಊರು. ಹೆದ್ದಾರಿಯ ಹೋಟೆಲಿನಲ್ಲಿ ರಾತ್ರಿ ಹನ್ನೊಂದಕ್ಕೆ ನಾವು ಟೀ ಕುಡಿಯಲು ಇಳಿದರೆ, ಒಂದು ಗಂಟೆ ಮೊದಲು ನಾವು ಬೈದ ಸವಾರನೇ ಪಕ್ಕದ ಮೇಜಿನಲ್ಲಿ ಬೀನ್ಸ್ ತಿನ್ನುತ್ತಾ ಕೂತಿರುತ್ತಿದ್ದ. ಮುಖದಲ್ಲಿ ಗಾಗಲ್ಸ್ ಜಾಗ ಮಾತ್ರ ಬೆಳ್ಳಗೆ. ಬಸ್ಸಿನ ಹಳಬರು ಕೆಲವೊಮ್ಮೆ 1970ರ ಮಾತು ತೆಗೆಯುತ್ತಿದ್ದರು. ಆ ಜುಲೈನಲ್ಲಿ ಲಂಡನ್ನಿನ ವೆಸ್ಟ್ ಹ್ಯಾಮ್ ತಂಡದ ಕೆಲವರು ಬೆಲ್ಜಿಯಂನ ಲೋಕೆರೆನ್ ಹತ್ತಿರ ಮಿನಿ ಬಸ್ ಅಪಘಾತದಲ್ಲಿ ತೀರಿಕೊಂಡರು. ಟ್ರ್ಯಾಕ್ ಮೇಲೆ ಅಲ್ಲ, ರಸ್ತೆಯಲ್ಲಿ. ಆ ಮಾತು ಬಂದಾಗ ಡ್ರೈವರ್ ರೇಡಿಯೋ ಸಣ್ಣ ಮಾಡುತ್ತಿದ್ದ.

ಬೆಲ್ ವ್ಯೂ ಅಂದೆನಲ್ಲ. ಅವರ ಹೈಡ್ ರೋಡ್ ಸ್ಟೇಡಿಯಂ ಬಗ್ಗೆ ಸ್ವಲ್ಪ ಹೊತ್ತು ಹೇಳಲು ಬಿಡಿ, ನಾನು ನೋಡಿದ ಟ್ರ್ಯಾಕುಗಳಲ್ಲಿ ಅದಕ್ಕೆ ಸಮ ಯಾವುದೂ ಇಲ್ಲ. ಬ್ರ್ಯಾಂಡನ್ ಅಭಿಮಾನಿ ಹೀಗೆ ಹೇಳಬಾರದು, ಆದರೆ ನಿಜ. ಮೊದಲು ಅದೊಂದು ದೊಡ್ಡ ಮೃಗಾಲಯ ಮತ್ತು ವಿಹಾರಧಾಮ. ನಾನು ಹೋಗುವ ಹೊತ್ತಿಗೆ ಮೃಗಾಲಯ ಮುಚ್ಚಿತ್ತು, 1977ರಲ್ಲೇ. ಟ್ರ್ಯಾಕು ಸುಮಾರು 380 ಮೀಟರ್, ಅಗಲ, ತಿರುವುಗಳಲ್ಲಿ ಹದವಾದ ಏರು. ಎಲ್ಲಿ ಬೇಕಾದರೂ ದಾಟಬಹುದು. ಬೇರೆ ಕಡೆ ಮೊದಲ ತಿರುವಿನಲ್ಲಿ ಮುಂದಿದ್ದವನೇ ಕೊನೆಗೂ ಮುಂದೆ. ಅಲ್ಲಿ ಹಾಗಲ್ಲ, ಕೊನೆಯ ತಿರುವಿನಲ್ಲಿ ಮೂರನೆಯವನು ಮೊದಲನೆಯವನಾಗುತ್ತಿದ್ದ. ಸುತ್ತಲೂ ಹಳೇ ಚಾವಣಿ. ನಾಲ್ಕು ಎಂಜಿನ್‌ಗಳ ಸದ್ದು ಆ ಚಾವಣಿಯ ಕೆಳಗೆ ಸಿಕ್ಕಿಹಾಕಿಕೊಂಡು ಎದೆಯೊಳಗೆ ನುಗ್ಗುತ್ತಿತ್ತು. 1976ರಲ್ಲಿ ಪೋಲೆಂಡಿನಲ್ಲಿ ವಿಶ್ವ ಚಾಂಪಿಯನ್ ಆದ ಪೀಟರ್ ಕಾಲಿನ್ಸ್ ಬೆಲ್ ವ್ಯೂನವನೇ. ಅವನು ಓಡಿಸುತ್ತಿದ್ದ ರೀತಿ ನೋಡಿದರೆ ಅವನು ಆ ಟ್ರ್ಯಾಕಿನ ಮಗ ಅಂತ ಗೊತ್ತಾಗುತ್ತಿತ್ತು.

ನನ್ನ ಹೆಂಡತಿ ಬಸ್ಸು ಹತ್ತಿದ್ದು 1981ರಲ್ಲಿ. ಮೊದಲ ಪ್ರಯಾಣ ಕ್ರ್ಯಾಡ್ಲಿ ಹೀತ್‌ಗೆ. ದೂರ ಏನಿಲ್ಲ, ಒಂದು ಗಂಟೆ ದಾರಿ. ಆದರೆ ಪಕ್ಕದೂರಿನವರ ಜೊತೆ ಇರುವ ಹಟ ದೂರದೂರಿನವರ ಜೊತೆ ಇರುತ್ತದೆಯೇ? ಸರಪಳಿ ಮಾಡುವ ಕಮ್ಮಾರರ ಊರು ಅದು. ಅವರ ಡಡ್ಲಿ ವುಡ್ ಸ್ಟೇಡಿಯಂ ಮನೆಗಳ ನಡುವೆ ಅಡಗಿಕೊಂಡಿತ್ತು. ಆ ಕಡೆ ಚಿಪ್ಸ್ ಕರಿಯುವುದು ದನದ ಕೊಬ್ಬಿನಲ್ಲಿ. ಅದು ಗೊತ್ತಾದ ಮೇಲೆ ಅವಳು ಪ್ರತಿ ಪ್ರಯಾಣಕ್ಕೂ ಒಂದು ದೊಡ್ಡ ಡಬ್ಬಿ ಪುಳಿಯೋಗರೆ ಕಟ್ಟುತ್ತಿದ್ದಳು. ಅಜ್ಜಿ ಮೊದಲ ಸಲ ಒಂದು ಚಮಚ ತಿಂದು, ಕಣ್ಣಲ್ಲಿ ನೀರು ತಂದುಕೊಂಡು, ಇನ್ನೊಂದು ಚಮಚ ಕೇಳಿದರು. ಕಡಲೆಕಾಯಿ ಆರಿಸಿ ತಿನ್ನುತ್ತಿದ್ದರು. ಒಂದು ವರ್ಷದಲ್ಲಿ ಬಸ್ಸಿನವರು ನನ್ನ ಬಳಿ ಸ್ಕೋರ್ ಬಗ್ಗೆ, ಅವಳ ಬಳಿ ಡಬ್ಬಿ ಬಗ್ಗೆ ಕೇಳುವ ಹಾಗಾಯಿತು.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ವಿಶ್ವ ಫೈನಲ್. 90 ಸಾವಿರಕ್ಕೂ ಹೆಚ್ಚು ಜನ. ನಮ್ಮ ಕವೆಂಟ್ರಿಯ ಇಬ್ಬರು ಡೆನ್ಮಾರ್ಕಿನವರು ಕಣದಲ್ಲಿದ್ದರು. ಒಬ್ಬ ಓಲೆ ಓಲ್ಸೆನ್, ಆಗಲೇ ಮೂರು ಸಲ ಚಾಂಪಿಯನ್. ಇನ್ನೊಬ್ಬ ಟಾಮಿ ಕ್ನುಡ್ಸೆನ್, ಎಳೆ ಹುಡುಗ. ಎದುರಿಗೆ ಕ್ರ್ಯಾಡ್ಲಿಯ ಬ್ರೂಸ್ ಪೆನ್‌ಹಾಲ್, ಅಮೆರಿಕದವನು, ಸಿನಿಮಾ ಹೀರೊ ಥರ ಇದ್ದ. ಅವನು ನಮ್ಮ ಇಬ್ಬರನ್ನೂ ಬೇರೆ ಬೇರೆ ಹೀಟ್‌ಗಳಲ್ಲಿ ಗೆರೆಯ ಮೇಲೆ ಹಿಡಿದ. ಚಕ್ರದ ಅಂತರವೂ ಇರಲಿಲ್ಲ. ಪೆನ್‌ಹಾಲ್ ಮೊದಲು, ಓಲ್ಸೆನ್ ಎರಡನೆಯವನು, ಕ್ನುಡ್ಸೆನ್ ಮೂರನೆಯವನು. ಕವೆಂಟ್ರಿ ಬಸ್ಸು, ಕ್ರ್ಯಾಡ್ಲಿ ಬಸ್ಸು ಒಂದೇ ಹೆದ್ದಾರಿಯಲ್ಲಿ ಊರಿಗೆ ಮರಳಬೇಕಲ್ಲ. ಅವರು ಕಿಟಕಿಗೆ ಬಾವುಟ ಹಿಡಿದು ನಮ್ಮನ್ನು ದಾಟಿದರು. ಸ್ವಲ್ಪ ದೂರ ಹೋಗಿ ನಿಧಾನ ಮಾಡಿ ನಾವು ಮುಂದೆ ಹೋಗಲು ಬಿಟ್ಟರು. ಮತ್ತೆ ದಾಟಿದರು. ಹೀಗೆ ನಾಲ್ಕು ಸಲ. ನಾಲ್ಕು ಸುತ್ತು ಆಯಿತು ಅಂತ ನನ್ನ ಹೆಂಡತಿಯೇ ಎಣಿಸಿ ಹೇಳಿದಳು. ವೆಂಬ್ಲಿಯಲ್ಲಿ ಅದೇ ಕೊನೆಯ ಸ್ಪೀಡ್‌ವೇ ವಿಶ್ವ ಫೈನಲ್.

ಈ ಆಟ ಬ್ರಿಟನ್ನಿಗೆ ಬಂದದ್ದು ಆಸ್ಟ್ರೇಲಿಯಾದಿಂದ. 1928ರ ಫೆಬ್ರವರಿ 19ರಂದು ಲಂಡನ್ ಹೊರಗಿನ ಹೈ ಬೀಚ್‌ನಲ್ಲಿ, ಕಾಡಿನ ನಡುವೆ ಒಂದು ಪಬ್‌ನ ಹಿಂದೆ ಓಟ ಇಟ್ಟರು. ಮೂರು ಸಾವಿರ ಜನ ಬರಬಹುದು ಅಂದುಕೊಂಡಿದ್ದರಂತೆ, ಬಂದದ್ದು ಅದರ ಹತ್ತರಷ್ಟು. ಆಮೇಲೆ ಊರೂರಿಗೆ ಹಬ್ಬಿತು. ಆದರೆ ಹೆಚ್ಚಿನ ತಂಡಗಳು ಸ್ವಂತ ಜಾಗ ಕೊಳ್ಳಲಿಲ್ಲ. ನಾಯಿ ಓಟದ ಮೈದಾನದಲ್ಲಿ, ಫುಟ್‌ಬಾಲ್ ಮೈದಾನದಲ್ಲಿ ಬಾಡಿಗೆಗಿದ್ದರು. ಬಾಡಿಗೆ ಮನೆಯವರ ಕಷ್ಟ ನಿಮಗೆ ಗೊತ್ತು. ಊರು ಬೆಳೆಯಿತು, ಜಾಗದ ಬೆಲೆ ಏರಿತು, ಸದ್ದಿನ ಬಗ್ಗೆ ದೂರು ಶುರುವಾಯಿತು, ಮಾಲೀಕ ಮಾರಿದ. ಲೆಸ್ಟರ್‌ನ ಬ್ಲ್ಯಾಕ್‌ಬರ್ಡ್ ರೋಡ್ 1983ರಲ್ಲಿ ಹೋಯಿತು. ಈಗ ಮನೆಗಳು. ಹ್ಯಾಲಿಫ್ಯಾಕ್ಸ್‌ನಲ್ಲಿ 1985ರಲ್ಲಿ ನಿಂತಿತು. ಹೈಡ್ ರೋಡ್ 1987ರಲ್ಲಿ. ಅಲ್ಲಿ ಈಗ ಹಳೇ ಕಾರು ಹರಾಜು ಹಾಕುತ್ತಾರೆ. ಡಡ್ಲಿ ವುಡ್ 1995ರಲ್ಲಿ, ಮನೆಗಳು. ಎಕ್ಸೆಟರ್ 2005ರಲ್ಲಿ, ಮನೆಗಳು. ಲಂಡನ್ನಿನ ಹ್ಯಾಕ್ನಿ ಟ್ರ್ಯಾಕು ಇದ್ದ ಜಾಗದಲ್ಲಿ 2012ರ ಒಲಿಂಪಿಕ್ಸ್‌ಗೆ ಬಂದ ಪತ್ರಕರ್ತರು ಕೂತು ವರದಿ ಬರೆದರು. ಅವರ ಕಾಲ ಕೆಳಗೆ ಏನಿತ್ತು ಅಂತ ಎಷ್ಟು ಜನಕ್ಕೆ ಗೊತ್ತಿತ್ತೋ.

ಎಲ್ಲ ಕತ್ತಲೇ ಅಂತ ಅಲ್ಲ. 2016ರಲ್ಲಿ ಮ್ಯಾಂಚೆಸ್ಟರಿನಲ್ಲಿ ಸ್ಪೀಡ್‌ವೇಗೆ ಅಂತಲೇ ಹೊಸ ಸ್ಟೇಡಿಯಂ ಕಟ್ಟಿದರು. ಆಕ್ಸ್‌ಫರ್ಡ್‌ನಲ್ಲಿ 2007ರಲ್ಲಿ ನಿಂತದ್ದು 2022ರಲ್ಲಿ ಮತ್ತೆ ಶುರುವಾಯಿತು. ಪೋಲೆಂಡಿನಲ್ಲಂತೂ ಈಗಲೂ ಸ್ಟೇಡಿಯಂ ತುಂಬುತ್ತದೆ. ಆದರೆ ಹ್ಯಾಲಿಫ್ಯಾಕ್ಸ್ ಮುಚ್ಚಿದ ಮೇಲೆ ಬೇಲಿ ಪಕ್ಕದಿಂದ ಹಾಗೆ ಧುಮುಕುವುದನ್ನು ನಾನು ಎಲ್ಲೂ ನೋಡಲಿಲ್ಲ. ಧುಮುಕಲು ಆ ಬಾಣಲೆ ಬೇಕಿತ್ತು. ಸವಾರರು ಬೇರೆ ತಂಡಕ್ಕೆ ಹೋದರು, ಬೈಕು ಹೋದವು, ಆ ಓಡಿಸುವ ರೀತಿ ಅಲ್ಲೇ ಉಳಿಯಿತು.

ನಮ್ಮ ಬ್ರ್ಯಾಂಡನ್ 2016ರ ಕೊನೆಗೆ ಮುಚ್ಚಿತು. 1928ರಿಂದ ಇದ್ದದ್ದು. ಮಗಳ ಮನೆಗೆ ಹೋದಾಗ ನೋಡಿಬಂದೆ. ಗೇಟಿಗೆ ಬೀಗ, ಒಳಗೆ ಗಿಡ ಬೆಳೆದು, ಕಿಡಿಗೇಡಿಗಳು ಬೆಂಕಿ ಹಚ್ಚಿದ ಗುರುತು. ಅಲ್ಲೂ ಮನೆ ಕಟ್ಟುವ ಯೋಜನೆ ಬಂತು, ಊರ ಜನ ಬಿಡದೆ ವಿರೋಧಿಸಿದರು, ಸ್ಥಳೀಯ ಆಡಳಿತ ಅನುಮತಿ ಕೊಡಲಿಲ್ಲ. ಹಾಗಾಗಿ ಮನೆಯೂ ಇಲ್ಲ, ಓಟವೂ ಇಲ್ಲ. ಬೇಲಿಯ ಸಂದಿಯಲ್ಲಿ ಮೂಗಿಟ್ಟು ನಿಂತೆ. ಹರಳೆಣ್ಣೆ ಏನೂ ಬರಲಿಲ್ಲ, ಒದ್ದೆ ಹುಲ್ಲಿನ ವಾಸನೆ. ಮೊಮ್ಮಗ 'ತಾತ, ಏನಿದೆ ಅಲ್ಲಿ?' ಅಂತ ಕೇಳಿದ. ಎತ್ತಿ ತೋರಿಸಿದೆ. 'ಏನೂ ಇಲ್ಲ' ಅಂದ.

ಮನೆಯಲ್ಲಿ ಎರಡು ಟ್ರಂಕ್ ತುಂಬಾ ಪ್ರೋಗ್ರಾಂಗಳಿವೆ. ಅಜ್ಜಿಯದ್ದೂ ಸ್ವಲ್ಪ ನನ್ನ ಹತ್ತಿರ ಬಂದಿವೆ. ನೂರಾರು ಪಂದ್ಯ, ಪ್ರತಿ ಚೌಕವೂ ತುಂಬಿದೆ. ಒಂದು ಪ್ರೋಗ್ರಾಂ ಬಿಟ್ಟು. ಅದನ್ನೇ ಇವತ್ತು ಚೀಲದಲ್ಲಿ ಹಾಕಿಕೊಂಡು ಬಂದಿದ್ದೇನೆ. ಹ್ಯಾಲಿಫ್ಯಾಕ್ಸ್, ಒಂದು ಶನಿವಾರ. 200 ಕಿಲೋಮೀಟರ್ ಹೋದೆವು. ದಾರಿಯಿಡೀ ಮಳೆ, ಬಸ್ಸಿನಲ್ಲಿ ಎಲ್ಲರೂ 'ಅಲ್ಲಿ ಬಿಸಿಲಿರುತ್ತೆ' ಅಂತಲೇ ಹೇಳುತ್ತಿದ್ದರು. ಹೋಗಿ ನಿಂತೆವು. ರೆಫರಿ ಕೊಡೆ ಹಿಡಿದು ಟ್ರ್ಯಾಕಿಗೆ ಇಳಿದ. ಹಿಮ್ಮಡಿ ಒತ್ತಿ ನೋಡಿದ. ಹಿಮ್ಮಡಿ ಒಳಗೆ ಹೋಯಿತು, ಶೂ ಹೊರಗೆ ಬರಲಿಲ್ಲ. ಅಷ್ಟೇ, ಪಂದ್ಯ ರದ್ದು. ವಾಪಸ್ ಬಸ್ಸಿನಲ್ಲಿ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಪುಳಿಯೋಗರೆ ಡಬ್ಬಿ ಖಾಲಿಯಾಯಿತು, ಹಾಡು ಶುರುವಾಯಿತು. ಅವತ್ತು ಮಾತ್ರ ಸೋಲಿಗೆ ನೀರು ಕಾರಣ ಅಂತ ಹೇಳಿದರೆ ಎಲ್ಲರೂ ಒಪ್ಪುವ ಹಾಗಿತ್ತು.

ಇದೇ ನೋಡಿ. 13 ಹೀಟ್, 52 ಚೌಕ, ಎಲ್ಲ ಖಾಲಿ. ಮೂಲೆಯಲ್ಲಿರುವ ಕಲೆ ಮಳೆಯದ್ದು, ಮಧ್ಯದ ಹಳದಿ ಕಲೆ ಪುಳಿಯೋಗರೆ ಎಣ್ಣೆಯದ್ದು. ಒಬ್ಬೊಬ್ಬರಾಗಿ ನೋಡಿ ಹಿಂದಿನವರಿಗೆ ಕೊಡಿ. ಯಾರೂ ಪೆನ್ನು ತೆಗೆಯಬೇಡಿ.